ಅಡ್ಸಾರ್ಪ್ಶನ್: ಪ್ರೊಟೀನ್ ಅಂಟದ ಪಾಲಿಮರ್ ಮಾಡುವುದು ಹೇಗೆ?

ಆಪರೇಷನ್ ಆದ ಮೇಲೆ ಹಾಕುವ ಕೆಲವು ಹೊಲಿಗೆಗಳು ಬಿಚ್ಚುವ ಗೋಜಿಲ್ಲದೆ ತಾವೇ ಕರಗಿಹೋಗುತ್ತವೆ ಅಲ್ವಾ? ಪಿಎಲ್‌ಎ, ಪಿಎಲ್‌ಜಿಎ ಎಂಬ ಪಾಲಿಮರ್‌ಗಳು ಇದೇ ಜಾತಿಯವು. ಪಾಲಿಮರ್ ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದ ವಸ್ತು. ನೀರು ಆ ಸರಪಳಿಯ ಕೊಂಡಿಗಳಾದ ಎಸ್ಟರ್ ಬಂಧಗಳನ್ನು ಮೆಲ್ಲಗೆ ಕಡಿಯುತ್ತದೆ. ಅದಕ್ಕೆ ವಾರ, ತಿಂಗಳುಗಳೇ ಬೇಕು. ರಕ್ತದಲ್ಲಿರುವ ಪ್ರೊಟೀನ್‌ಗಳು ಬಂದು ಈ ಪಾಲಿಮರ್ ಮೇಲೆ ಕೂರುವುದಕ್ಕೆ ಮಾತ್ರ ಸೆಕೆಂಡುಗಳು ಸಾಕು.

ಹೀಗೆ ಮೇಲ್ಮೈಗೆ ಬಂದು ಅಂಟುವುದೇ ಅಡ್ಸಾರ್ಪ್ಶನ್. ಅಬ್ಸಾರ್ಪ್ಶನ್ ಬೇರೆ: ಸ್ಪಂಜು ನೀರನ್ನು ಒಳಗೆ ಎಳೆದುಕೊಳ್ಳುತ್ತದಲ್ಲ, ಅದು.

ಯಾಕೆ ಅಂಟುತ್ತವೆ? ಪಿಎಲ್‌ಎಗೂ ನೀರಿಗೂ ಅಷ್ಟಾಗಿ ಆಗಿಬರುವುದಿಲ್ಲ. ಪ್ರೊಟೀನ್‌ ಕೂಡ ನೀರಿಗೆ ಒಗ್ಗದ ತನ್ನ ಭಾಗಗಳನ್ನು ಒಳಗೆ ಮಡಚಿಟ್ಟುಕೊಂಡಿರುತ್ತದೆ. ಇಂಥ ಮೇಲ್ಮೈ ಸಿಕ್ಕಿದರೆ ಆ ಮಡಿಕೆ ಬಿಚ್ಚಿಕೊಂಡು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ಬಂದವರೇ ಉಳಿಯುತ್ತಾರೆ ಎಂದೇನಿಲ್ಲ. ಜಾಸ್ತಿ ಇರುವ ಆಲ್ಬುಮಿನ್ ಮೊದಲು ಕೂರುತ್ತದೆ, ಆಮೇಲೆ ಬಿಗಿಯಾಗಿ ಹಿಡಿಯಬಲ್ಲ ಫೈಬ್ರಿನೋಜೆನ್‌ನಂಥ ದೊಡ್ಡ ಪ್ರೊಟೀನ್‌ಗಳು ಅದನ್ನು ಎಬ್ಬಿಸಿ ಜಾಗ ಹಿಡಿಯುತ್ತವೆ. ಇದಕ್ಕೆ ವ್ರೋಮನ್ ಪರಿಣಾಮ ಎಂದು ಹೆಸರು. ಇದನ್ನು ಗುರುತಿಸಿದ ಲಿಯೋ ವ್ರೋಮನ್ ರಕ್ತ ವಿಜ್ಞಾನಿ, ಜೊತೆಗೆ ಡಚ್ ಭಾಷೆಯ ಹೆಸರಾಂತ ಕವಿ! ಫೈಬ್ರಿನೋಜೆನ್ ಕೂತಲ್ಲಿಗೆ ಪ್ಲೇಟ್‌ಲೆಟ್‌ಗಳು ಬರುತ್ತವೆ, ರಕ್ತ ಹೆಪ್ಪುಗಟ್ಟುವ ದಾರಿ ತೆರೆಯುತ್ತದೆ. ಔಷಧ ಹೊತ್ತ ನ್ಯಾನೋ ಕಣವಾದರೆ, ಮೇಲೆ ಅಂಟಿದ ಪ್ರೊಟೀನ್ ನೋಡಿ ದೇಹದ ಕಾವಲು ಕಣಗಳು ಅದನ್ನು ನುಂಗಿಬಿಡುತ್ತವೆ.

ಉಪಾಯ ಇಷ್ಟೇ: ಪ್ರೊಟೀನ್ ಬರುವ ಮೊದಲೇ ಆ ಜಾಗದಲ್ಲಿ ನೀರನ್ನು ಕೂರಿಸಿಬಿಡುವುದು. ಪಿಇಜಿ ಎಂಬ ಪಾಲಿಮರ್‌ನ ಎಳೆಗಳನ್ನು ಮೇಲ್ಮೈಗೆ ನೆಟ್ಟರೆ ಅವು ನೀರನ್ನು ಹಿಡಿದುಕೊಂಡು ತೂಗಾಡುತ್ತವೆ. ಪ್ರೊಟೀನ್ ಒಳಗೆ ನುಗ್ಗಬೇಕಾದರೆ ಆ ನೀರನ್ನೂ ಹೊರಗೆ ತಳ್ಳಬೇಕು, ಎಳೆಗಳನ್ನೂ ಅಮುಕಬೇಕು. ಆದರೆ ಎಳೆಗಳು ಒತ್ತಾಗಿರಬೇಕು. ಸುಮ್ನೆ ಅಲ್ಲೊಂದು ಇಲ್ಲೊಂದು ನೆಟ್ಟರೆ ನಡುವಿನ ಬಯಲಲ್ಲಿ ಪ್ರೊಟೀನ್ ಆರಾಮಾಗಿ ಕೂರುತ್ತದೆ. ಇನ್ನೊಂದು ದಾರಿ ಫಾಸ್ಫೊರಿಲ್‌ಕೋಲಿನ್. ಈ ಅಣುಗುಂಪಿನಲ್ಲಿ ಧನ, ಋಣ ಎರಡೂ ವಿದ್ಯುದಂಶಗಳಿವೆ, ಹಾಗಾಗಿ ಅದೂ ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ. ಕೆಂಪು ರಕ್ತಕಣದ ಹೊರಪೊರೆಯಲ್ಲೇ ಇರುವ ಈ ಗುಂಪನ್ನು ನಕಲು ಮಾಡಿದ್ದು ನನಗಂತೂ ಜಾಣತನ ಅನಿಸುತ್ತದೆ.

ಕರಗುವ ಪಾಲಿಮರ್‌ನಲ್ಲಿ ತೊಡಕೇ ಬೇರೆ. ಮೇಲ್ಮೈ ಬದಲಿಸಲು ಬಿಸಿ ಮಾಡೋಣವೆಂದರೆ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಕ್ಷಾರದಲ್ಲಿ ಅದ್ದಿದರೆ ಮೇಲ್ಮೈ ನೀರಿಗೆ ಒಗ್ಗುತ್ತದೆ ನಿಜ, ಜಾಸ್ತಿ ಹೊತ್ತು ಬಿಟ್ಟರೆ ವಸ್ತುವೇ ಸವೆಯುತ್ತದೆ. ಮೇಲೆ ಬಳಿದ ಪದರವಂತೂ ಕೆಳಗಿನದು ಕರಗಿದಂತೆ ಕಳಚಿಹೋಗುತ್ತದೆ. ಅದಕ್ಕೇ ಪಿಇಜಿಯನ್ನು ಪಾಲಿಮರ್ ಸರಪಳಿಗೇ ಸೇರಿಸಿ ಹೆಣೆಯುವುದುಂಟು. 1994ರಲ್ಲಿ ಇಂಥ ಪಿಇಜಿ-ಪಿಎಲ್‌ಜಿಎ ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ ಎಂದು ತೋರಿಸಲಾಯಿತು.

ಅಂಗಾಂಶ ಬೆಳೆಸುವ ಚೌಕಟ್ಟಿಗೆ ಬಂದರೆ ಮಾತ್ರ ಪೇಚು. ಪ್ರೊಟೀನೇ ಅಂಟದಿದ್ದರೆ ಬೇಕಾದ ಜೀವಕೋಶವೂ ಅಂಟುವುದಿಲ್ಲ. ಆಗ ಅದೇ ಪಿಇಜಿ ಎಳೆಯ ತುದಿಗೆ, ಜೀವಕೋಶ ಹಿಡಿದುಕೊಳ್ಳಲೆಂದು, ಆರ್‌ಜಿಡಿ ಎಂಬ ಮೂರು ಅಮೈನೋ ಆಮ್ಲಗಳ ಪುಟ್ಟ ಕೊಕ್ಕೆ ಕಟ್ಟುತ್ತಾರೆ.