ಹಕ್ಕಿ ಬರುವ ತೋಟ: ಮೊದಲು ಹುಳು, ಆಮೇಲೆ ನೀರು, ಕಾಳು ಕೊನೆಗೆ

ಮನೆತೋಟದ ಹಕ್ಕಿಗಳ ಬಗ್ಗೆ ಯಾವ ಟಿಪ್ಪಣಿ ತೆರೆದರೂ ಮೊದಲ ಪುಟದಲ್ಲೇ ಕಾಳಿನ ವಿಷಯ ಇರುತ್ತದೆ. ಯಾವ ಕಾಳು, ಎಂಥ ತಟ್ಟೆ, ಎಲ್ಲಿ ನೇತುಹಾಕಬೇಕು ಅಂತ. ನಾನು ಈ ಟಿಪ್ಪಣಿಯನ್ನು ಉಲ್ಟಾ ಬರೆದಿದ್ದೇನೆ. ಕಾರಣ ಇಷ್ಟೇ: ಕಾಳು ಹಾಕುವುದು ಎಲ್ಲಕ್ಕಿಂತ ಸುಲಭ, ಆದರೆ ತೊಂದರೆ ಜಾಸ್ತಿ ಇರುವುದೂ ಅಲ್ಲೇ. ತೋಟವೇ ಸರಿಯಿದ್ದರೆ ಕಾಳು ಇಲ್ಲದೆಯೂ ಹಕ್ಕಿ ಬರುತ್ತದೆ. ಇನ್ನೊಂದು ಮಾತು. ಹಕ್ಕಿಗಳನ್ನು ಕರೆಯುವುದು, ಕಾಪಾಡುವುದು ಎರಡು ಬೇರೆ ಪಾಠಗಳಲ್ಲ. ಹಕ್ಕಿಗಳನ್ನು ಒಂದೆಡೆ ಸೇರಿಸುವ ಪ್ರತಿಯೊಂದು ಉಪಾಯವೂ ರೋಗ, ಬೆಕ್ಕು, ಗಾಜು ಇವುಗಳ ಅಪಾಯವನ್ನೂ ಒಂದೆಡೆ ಸೇರಿಸುತ್ತದೆ. ಓದುವಾಗ ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಕ್ಕಿ ಮೊದಲು ನೋಡುವುದೇನು?

ಆಹಾರ, ನೀರು, ಅಡಗಲು ಜಾಗ, ಗೂಡಿಗೆ ಜಾಗ. ಈ ನಾಲ್ಕನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆದರೆ ನಾಲ್ಕಕ್ಕೂ ಒಂದೇ ತೂಕ ಕೊಡಬೇಡಿ. ಸಣ್ಣ ಹಕ್ಕಿಯೊಂದು ಹೊಸ ತೋಟಕ್ಕೆ ಬರುವ ರೀತಿ ಗಮನಿಸಿ. ಅದು ನೇರವಾಗಿ ನೆಲಕ್ಕೆ ಇಳಿಯುವುದು ಅಪರೂಪ. ಮೊದಲು ಎತ್ತರದ ಕೊಂಬೆಯ ಮೇಲೆ ಕೂತು ಸುತ್ತಲೂ ನೋಡುತ್ತದೆ. ಆಮೇಲೆ ಪೊದೆಯೊಳಗೆ ನುಸುಳುತ್ತದೆ. ಅಲ್ಲಿಂದ ನೆಲಕ್ಕೆ ಒಂದು ಚಿಕ್ಕ ಹಾರು. ಸ್ವಲ್ಪ ಸದ್ದಾದರೂ ಮತ್ತೆ ಪೊದೆಗೇ ಓಟ. ಅಂದರೆ ತಪ್ಪಿಸಿಕೊಳ್ಳುವ ದಾರಿ ಇಲ್ಲದ ಜಾಗದಲ್ಲಿ ಎಂಥ ಒಳ್ಳೆಯ ಆಹಾರ ಇಟ್ಟರೂ ಸಣ್ಣ ಹಕ್ಕಿಗಳು ಹಿಂಜರಿಯುತ್ತವೆ. ಧೈರ್ಯದ ಕಾಗೆ, ಪಾರಿವಾಳಗಳು ಮಾತ್ರ ಬಂದು ಹೋಗುತ್ತವೆ.

ಹಾಗಾಗಿ ತೋಟಕ್ಕೆ ಅಂತಸ್ತುಗಳು ಬೇಕು. ಎತ್ತರಕ್ಕೆ ಒಂದು ಮರ, ಅದರ ಕೆಳಗೆ ದಟ್ಟ ಪೊದೆ, ಪೊದೆಯ ಬುಡದಲ್ಲಿ ಹುಲ್ಲು, ಸಣ್ಣ ಗಿಡ, ಒಣಗಿದ ಎಲೆ. ಮರಕ್ಕೆ ಜಾಗವಿಲ್ಲದಿದ್ದರೆ ಗೋಡೆಗೆ ಹಬ್ಬಿಸಿದ ಬಳ್ಳಿಯೂ ಆದೀತು. ಚಾಪೆ ಹಾಸಿದಂತೆ ಕತ್ತರಿಸಿದ ಹುಲ್ಲುಹಾಸು ನಮ್ಮ ಕಣ್ಣಿಗೆ ಚೆಂದ. ಹಕ್ಕಿಯ ಮಟ್ಟಿಗೆ ಅದು ಹೆಚ್ಚುಕಡಿಮೆ ಖಾಲಿ ಮೈದಾನ.

ಹುಳು ಇಲ್ಲದೆ ಮರಿ ಇಲ್ಲ

ಇಡೀ ಪಾಠದಲ್ಲಿ ಮುಖ್ಯವಾದದ್ದು ಇದು, ಸ್ವಲ್ಪ ನಿಧಾನವಾಗಿ ಓದಿ.

ಗುಬ್ಬಚ್ಚಿ ಏನು ತಿನ್ನುತ್ತದೆ ಅಂತ ಕೇಳಿದರೆ ಕಾಳು ಅನ್ನುತ್ತೇವೆ, ಅಲ್ವಾ? ದೊಡ್ಡ ಗುಬ್ಬಚ್ಚಿಯ ಮಟ್ಟಿಗೆ ಸರಿ. ಆದರೆ ಅದೇ ಗುಬ್ಬಚ್ಚಿ ಮೊಟ್ಟೆಯೊಡೆದು ಬಂದ ಮರಿಗೆ ಕಾಳು ತಿನ್ನಿಸಿ ಬೆಳೆಸುವುದಿಲ್ಲ. ಮೊದಲ ದಿನಗಳಲ್ಲಿ ಮರಿಗೆ ಬೇಕಾದದ್ದು ಹುಳು. ಎರಡು ವಾರಗಳಲ್ಲಿ ಬೋಳು ಮೈಯ ಮರಿ ಗರಿ ತುಂಬಿಕೊಂಡು ಗೂಡು ಬಿಡಬೇಕು. ಅಷ್ಟು ವೇಗದ ಬೆಳವಣಿಗೆಗೆ ಪ್ರೋಟೀನ್ ಬೇಕೇ ಬೇಕು. ಕಾಳು, ಹಣ್ಣು, ಮಕರಂದ ತಿನ್ನುವ ಹಕ್ಕಿಗಳಲ್ಲೂ ಬಹುಪಾಲು ಮರಿಗಳಿಗೆ ಹುಳ ಹುಪ್ಪಟೆಯನ್ನೇ ತರುತ್ತವೆ. ಪಾರಿವಾಳ ಇದಕ್ಕೆ ಹೊರತು. ಅದು ತನ್ನ ಗಂಟಲಚೀಲದಲ್ಲೇ ಹಾಲಿನಂಥ ಗಟ್ಟಿ ಆಹಾರ ತಯಾರಿಸಿ ಮರಿಗೆ ಕೊಡುತ್ತದೆ. ಹುಳುವೇ ಇಲ್ಲದ ಕಾಂಕ್ರೀಟ್ ಕಾಡಿನಲ್ಲೂ ಪಾರಿವಾಳ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಮರಿಗೆ ಅತ್ಯುತ್ತಮ ಊಟ ಚಿಟ್ಟೆ, ಪತಂಗಗಳ ಮರಿಹುಳು. ಮೆತ್ತಗಿರುತ್ತದೆ, ನುಂಗಲು ಸುಲಭ, ಕೊಬ್ಬು ಪ್ರೋಟೀನ್ ಎರಡೂ ಇರುತ್ತವೆ. ಗೂಡಿಗೆ ಹೊರಟ ತಾಯಿಹಕ್ಕಿಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ದೊಡ್ಡ ಹುಳುವಾದರೆ ಅದನ್ನು ಕೊಂಬೆಗೆ ಟಪಟಪ ಬಡಿಯುತ್ತದೆ, ಕೊಕ್ಕಿನಲ್ಲಿ ಹಿಂದೆ ಮುಂದೆ ಸರಿಸುತ್ತ ಹಿಂಡುತ್ತದೆ. ಹುಳು ಸುಮ್ಮನಾದ ಮೇಲೆಯೇ ಗೂಡಿನ ಕಡೆ ಹಾರುತ್ತದೆ.

ಉತ್ತರ ಅಮೆರಿಕದಲ್ಲಿ ಕ್ಯಾರೊಲಿನಾ ಚಿಕಡೀ ಅಂತ ಸುಮಾರು 10 ಗ್ರಾಂ ತೂಗುವ ಪುಟ್ಟ ಹಕ್ಕಿ ಇದೆ. ಒಂದು ಗೂಡಿನ ಮರಿಗಳು ಹಾರುವ ಹೊತ್ತಿಗೆ ಅದರ ಜೋಡಿ 6,000ದಿಂದ 9,000 ಮರಿಹುಳುಗಳನ್ನು ಹಿಡಿದು ತಂದಿರುತ್ತದೆ ಎಂಬುದು ಅಲ್ಲಿನ ಅಧ್ಯಯನಗಳ ಅಂದಾಜು. ಒಂದೇ ಗೂಡಿಗೆ ಇಷ್ಟು! ತೋಟದಲ್ಲಿ ಇಷ್ಟು ಹುಳು ಎಲ್ಲಿಂದ ಬರಬೇಕು?

ಸ್ಥಳೀಯ ಗಿಡಗಳಿಂದ. ಎಲೆ ತಿನ್ನುವ ಹೆಚ್ಚಿನ ಹುಳುಗಳು ಕಂಡಕಂಡ ಗಿಡ ತಿನ್ನುವುದಿಲ್ಲ. ಪ್ರತಿ ಗಿಡವೂ ತನ್ನ ಎಲೆಯಲ್ಲಿ ಏನೋ ಒಂದು ರಾಸಾಯನಿಕ ಇಟ್ಟುಕೊಂಡಿರುತ್ತದೆ. ಆ ಜಾಗದಲ್ಲಿ ಬಹುಕಾಲ ಜೊತೆಗೇ ಬೆಳೆದ ಹುಳುಗಳಿಗೆ ಮಾತ್ರ ಅದು ಒಗ್ಗಿರುತ್ತದೆ. ಬೇರೆ ಖಂಡದಿಂದ ತಂದ ಅಲಂಕಾರದ ಗಿಡದ ಎಲೆಯಲ್ಲಿ ಒಂದು ತೂತೂ ಇರುವುದಿಲ್ಲ. ನರ್ಸರಿಯವರು ಅದನ್ನು ‘ಕೀಟ ಬಾಧೆ ಇಲ್ಲದ ಗಿಡ’ ಅಂತ ಹೊಗಳಿ ಮಾರುತ್ತಾರೆ. ನಮಗದು ಹುಳುವೂ ಇಲ್ಲದ, ಮರಿಗೆ ಊಟವೂ ಇಲ್ಲದ ಗಿಡ. ತೂತು ಬಿದ್ದ ಎಲೆ ಕಂಡರೆ ಖುಷಿಪಡುವುದನ್ನು ಕಲಿಯಬೇಕು. ಇದು ಸ್ವಲ್ಪ ಕಷ್ಟವೇ.

ಇಲ್ಲಿಂದ ಮುಂದಿನ ಮಾತು ನೇರ. ಕೀಟನಾಶಕ ಹೊಡೆಯುವ ತೋಟಕ್ಕೆ ಕಾಳಿನ ತಟ್ಟೆ ನೇತುಹಾಕುವುದರಲ್ಲಿ ಅರ್ಥವಿಲ್ಲ. ಇಲಿ ಪಾಷಾಣವೂ ಹಾಗೇ. ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಮಂಕಾಗಿ ಅಡ್ಡಾಡುತ್ತದೆ. ಅದನ್ನು ಹಿಡಿದ ಗೂಬೆಯ ಮೈಗೂ ವಿಷ ಸೇರುತ್ತದೆ. ಒಣಗಿದ ಎಲೆಗಳನ್ನು ಗುಡಿಸಿ ಸುಡುವ ಬದಲು ಪೊದೆಯ ಬುಡಕ್ಕೆ ತಳ್ಳಿ. ಅದರ ಅಡಿಯಲ್ಲೇ ಎರೆಹುಳು, ಜೇಡ, ಪತಂಗಗಳ ಕೋಶಗಳು ಇರುತ್ತವೆ. ಬೀಳುವ ಅಪಾಯವಿಲ್ಲದ ಒಣಮರ ಇದ್ದರೆ ಬಿಟ್ಟುಬಿಡಿ. ಮರಕುಟುಕ ಕೊರೆದ ಪೊಟರೆಯಲ್ಲಿ ಮುಂದೆ ಬೇರೆ ಹಕ್ಕಿಗಳೂ ಬಿಡಾರ ಹೂಡುತ್ತವೆ.

ನೀರು

ಕಾಳು ಮುಟ್ಟದ ಹಕ್ಕಿಯೂ ನೀರಿಗೆ ಬರುತ್ತದೆ. ಕಡಿಮೆ ಖರ್ಚು, ಹೆಚ್ಚು ಫಲ.

ನಾವು ಮಾಡುವ ಸಾಮಾನ್ಯ ತಪ್ಪು ಆಳದ ಪಾತ್ರೆ ಇಡುವುದು. ಸಣ್ಣ ಹಕ್ಕಿಗೆ 2.5ರಿಂದ 5 ಸೆಂಟಿಮೀಟರ್ ಆಳ ಸಾಕು. ಅಂಚಿನಲ್ಲಿ ತೆಳುವಾಗಿದ್ದು ನಡುವೆ ಆಳವಾಗುತ್ತ ಹೋದರೆ ಒಳ್ಳೆಯದು. ತಳ ಒರಟಾಗಿರಬೇಕು. ನುಣುಪಾದ ಪಿಂಗಾಣಿ, ಸ್ಟೀಲ್ ಮೇಲೆ ಕಾಲು ಜಾರುತ್ತದೆ. ಇರುವ ಪಾತ್ರೆಯೇ ಆಳವಾಗಿದ್ದರೆ ಒಳಗೆ ಒಂದೆರಡು ಚಪ್ಪಟೆ ಕಲ್ಲು ಇಟ್ಟರಾಯಿತು. ಜಾಗ ಎಲ್ಲಿ? ಪೊದೆಗೆ ತೀರಾ ಅಂಟಿಕೊಂಡು ಬೇಡ, ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ತೀರಾ ಬಯಲಲ್ಲೂ ಬೇಡ. ಮೈ ಒದ್ದೆಯಾದ ಹಕ್ಕಿ ಸರಿಯಾಗಿ ಹಾರಲಾರದು, ಎರಡು ಮೂರು ಮೀಟರಿನೊಳಗೆ ಅದಕ್ಕೊಂದು ಕೊಂಬೆ ಸಿಗಬೇಕು.

ನೀರಿನ ಬಳಿ ಕಲಿಯಲು ತುಂಬಾ ಇದೆ. ಹೆಚ್ಚಿನ ಹಕ್ಕಿಗಳು ಒಂದು ಗುಟುಕು ಕೊಕ್ಕಿನಲ್ಲಿ ತುಂಬಿಕೊಂಡು ತಲೆ ಎತ್ತಿ ಗಂಟಲಿಗೆ ಇಳಿಸುತ್ತವೆ. ಪಾರಿವಾಳ ಮಾತ್ರ ಕೊಕ್ಕು ಮುಳುಗಿಸಿ, ತಲೆ ಎತ್ತದೆ ಹೀರಿಕೊಳ್ಳುತ್ತದೆ. ಸ್ನಾನ ಆದಮೇಲೆ ಹಕ್ಕಿ ಕೂತು ಬಾಲದ ಬುಡಕ್ಕೆ ಕೊಕ್ಕು ಉಜ್ಜಿ, ಅದನ್ನೇ ಗರಿಗಳಿಗೆ ಸವರುವುದನ್ನು ನೋಡಿರಬಹುದು. ಅಲ್ಲೊಂದು ಎಣ್ಣೆಯ ಗ್ರಂಥಿ ಇದೆ. ನೀರಿನಲ್ಲಿ ತೊಳೆದು, ಎಣ್ಣೆ ಸವರಿ, ಎಳೆಗಳನ್ನು ಜೋಡಿಸಿದರೆ ಗರಿ ಮತ್ತೆ ಹಾರಲು ಸಿದ್ಧ. ಗುಬ್ಬಚ್ಚಿಗಳಿಗೆ ಮಣ್ಣಿನ ಸ್ನಾನವೂ ಬೇಕು. ಬಿಸಿಲು ಬೀಳುವ ಮೂಲೆಯಲ್ಲಿ ಒಂದು ತಟ್ಟೆಯಷ್ಟು ಜಾಗ ಪುಡಿ ಮಣ್ಣು ಬಿಟ್ಟರೆ ಗುಂಪಾಗಿ ಬಂದು ಹೊರಳಾಡುತ್ತವೆ.

ಸೊಳ್ಳೆಯ ಭಯಕ್ಕೆ ಉತ್ತರ ಸರಳ. ಮೊಟ್ಟೆ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲೂ ಸುಮಾರು ಒಂದು ವಾರ ಬೇಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ಉಜ್ಜಿ, ಹೊಸ ನೀರು ತುಂಬಿದರೆ ಸೊಳ್ಳೆಗೆ ಅವಕಾಶವೇ ಇಲ್ಲ.

ಈಗ ಕಾಳು

ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ. ದಪ್ಪ ತ್ರಿಕೋನದ ಕೊಕ್ಕು ಕಾಳು ಒಡೆಯಲು, ತೆಳು ಸೂಜಿಯಂಥದ್ದು ಹುಳು ಹೆಕ್ಕಲು, ಉದ್ದ ಬಾಗಿದ್ದು ಹೂವಿಗೆ. ಕಾಳು ತಿನ್ನುವವಕ್ಕೆ ಸೂರ್ಯಕಾಂತಿ ಬೀಜ, ಸಣ್ಣ ಕಿರುಧಾನ್ಯ ಸಾಕು. ಉಪ್ಪು ಹಾಕಿದ ಯಾವುದೂ ಬೇಡ. ಹಾಲು ಬೇಡ, ಹಕ್ಕಿಗೆ ಜೀರ್ಣವಾಗದು. ಬ್ರೆಡ್ ವಿಷವಲ್ಲ, ಆದರೆ ಹೊಟ್ಟೆ ತುಂಬಿಸುತ್ತದೆ ಅಷ್ಟೇ, ಸತ್ವವಿಲ್ಲ. ಬೂಸಲು ಹಿಡಿದ ಶೇಂಗಾ ಅಪಾಯ, ಅದರಲ್ಲಿ ಅಫ್ಲಟಾಕ್ಸಿನ್ ಎಂಬ ಬೂಸಲಿನ ವಿಷ ಇರಬಹುದು. ಮಕರಂದ ಹೀರುವ ಪುಟ್ಟ ಹಮ್ಮಿಂಗ್‌ಬರ್ಡ್ ಹಕ್ಕಿ ಇರುವ ದೇಶಗಳಲ್ಲಿ ಸಕ್ಕರೆ ನೀರು ಇಡುವ ರೂಢಿ ಇದೆ. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಬಣ್ಣವೂ ಬೇಡ, ಜೇನೂ ಬೇಡ.

ಕಾಳು ಹಾಕಿದರೆ ಹಕ್ಕಿ ಸೋಮಾರಿಯಾಗುತ್ತದೆಯೇ? ಈ ಭಯಕ್ಕೆ ಆಧಾರ ಕಡಿಮೆ. ಸಾಮಾನ್ಯವಾಗಿ ಹಕ್ಕಿಗಳು ತಮ್ಮ ಊಟದ ಒಂದು ಭಾಗವನ್ನಷ್ಟೇ ತಟ್ಟೆಯಿಂದ ತೆಗೆದುಕೊಂಡು, ಉಳಿದದ್ದನ್ನು ಹೊರಗೇ ಹುಡುಕುತ್ತವೆ. ಆದರೆ ಪರಿಣಾಮವೇ ಇಲ್ಲ ಅನ್ನುವಂತಿಲ್ಲ. ಮಧ್ಯ ಯೂರೋಪಿನಲ್ಲಿ ಮರಿ ಮಾಡುವ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳಲ್ಲಿ ಕೆಲವು ದಕ್ಷಿಣಕ್ಕೆ ವಲಸೆ ಹೋಗುವ ಬದಲು ಚಳಿಗಾಲ ಕಳೆಯಲು ಬ್ರಿಟನ್ ಕಡೆ ಹೋಗಲು ಶುರುಮಾಡಿವೆ. ಅಲ್ಲಿನ ತೋಟಗಳಲ್ಲಿ ಸಿಗುವ ಆಹಾರವೂ ಇದಕ್ಕೆ ದೊಡ್ಡ ಕಾರಣ.

ನಿಜವಾದ ಚಿಂತೆ ರೋಗದ್ದು. ಕಾಡಿನಲ್ಲಿ ಚದುರಿ ತಿನ್ನುವ ಹಕ್ಕಿಗಳು ಇಲ್ಲಿ ಒಂದೇ ತಟ್ಟೆಗೆ ಬಾಯಿ ಹಾಕುತ್ತವೆ, ಅದೇ ತಟ್ಟೆಯಲ್ಲಿ ಹಿಕ್ಕೆ ಹಾಕುತ್ತವೆ. 1994ರಲ್ಲಿ ಅಮೆರಿಕದ ಪೂರ್ವ ಭಾಗದ ಹೌಸ್‌ಫಿಂಚ್ ಎಂಬ ಹಕ್ಕಿಗಳಲ್ಲಿ ಕಣ್ಣು ಊದಿಕೊಳ್ಳುವ ರೋಗ ಕಾಣಿಸಿಕೊಂಡು ವೇಗವಾಗಿ ಹರಡಿತು. ಬ್ರಿಟನ್ನಿನ ಕಥೆ ಇನ್ನೂ ಕೆಟ್ಟದ್ದು. 2005ರಿಂದ ಅಲ್ಲಿ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಗ್ರೀನ್‌ಫಿಂಚ್ ಹಕ್ಕಿಗಳಿಗೆ ತಗುಲಿತು. ಗಂಟಲಲ್ಲಿ ಹುಣ್ಣಾಗಿ ನುಂಗಲಾಗುವುದಿಲ್ಲ. ತಟ್ಟೆಯ ಪಕ್ಕದಲ್ಲೇ ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಾಳನ್ನು ಬಾಯಿಗೆ ತೆಗೆದುಕೊಂಡು ಹಾಗೇ ಉದುರಿಸುತ್ತದೆ. ಆ ಎಂಜಲು ಕಾಳು ಇನ್ನೊಂದಕ್ಕೆ ಊಟ. ತೋಟಗಳಲ್ಲಿ ಸಾಮಾನ್ಯವಾಗಿದ್ದ ಗ್ರೀನ್‌ಫಿಂಚ್ 2021ರಲ್ಲಿ ಅಲ್ಲಿನ ಅಪಾಯದ ಕೆಂಪುಪಟ್ಟಿ ಸೇರಿತು.

ಆದ್ದರಿಂದ ಒಂದು ದಿನದಲ್ಲಿ ಖಾಲಿಯಾಗುವಷ್ಟೇ ಹಾಕಿ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬಿಸಿನೀರಿನಲ್ಲಿ ಉಜ್ಜಿ, ಸೋಂಕುನಾಶಕ ಹಾಕಿ ತೊಳೆದು, ಪೂರ್ತಿ ಒಣಗಿಸಿ. ತೇವ ಉಳಿದರೆ ತೊಳೆದದ್ದು ವ್ಯರ್ಥ. ಕೆಳಗೆ ಬಿದ್ದ ಸಿಪ್ಪೆ ಗುಡಿಸಿ, ತಟ್ಟೆಯ ಜಾಗವನ್ನೂ ಆಗಾಗ ಬದಲಿಸಿ. ಕಾಯಿಲೆಯ ಹಕ್ಕಿ ಕಂಡರೆ ಕಾಳು, ನೀರು ಎರಡನ್ನೂ ತೆಗೆದು ಕೆಲವು ವಾರ ಬಿಡಿ. ಗುಂಪು ಚದುರಿದರೆ ಹರಡುವುದು ಕಡಿಮೆಯಾಗುತ್ತದೆ. ಇದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವವರು ಕಾಳು ಹಾಕದಿರುವುದೇ ವಾಸಿ. ನನ್ನ ಅಭಿಪ್ರಾಯ ಇದು, ಕಟುವಾಗಿ ಕೇಳಿಸಿದರೂ ಸರಿ.

ಗಾಜು ಮತ್ತು ಬೆಕ್ಕು

ಕಿಟಕಿ ಗಾಜಿನಲ್ಲಿ ಮರದ, ಆಕಾಶದ ಬಿಂಬ ಕಂಡರೆ ಹಕ್ಕಿಗೆ ಅದು ನಿಜವಾದ ಮರವೇ. ಗಾಜಿನ ಮೇಲೆ ರೆಕ್ಕೆ ಹರಡಿದ ಆಕಾರದಲ್ಲಿ ಧೂಳಿನ ಅಚ್ಚು ಬಿದ್ದಿದ್ದರೆ ಅದು ಪಾರಿವಾಳ ಡಿಕ್ಕಿ ಹೊಡೆದ ಗುರುತು. ಅದರ ಗರಿಯ ಪುಡಿಯೇ ಅಲ್ಲಿ ಅಂಟಿರುತ್ತದೆ. 2014ರ ಒಂದು ಅಧ್ಯಯನದ ಪ್ರಕಾರ ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಡಿಕ್ಕಿ ಹೊಡೆದು ಸಾಯುತ್ತವೆ.

ಒಂದೇ ಒಂದು ಗಿಡುಗದ ಸ್ಟಿಕ್ಕರ್ ಅಂಟಿಸಿ ಕೈತೊಳೆದುಕೊಳ್ಳುವವರು ಬಹಳ. ಅದರಿಂದ ಪ್ರಯೋಜನವಿಲ್ಲ. ಹಕ್ಕಿ ಸ್ಟಿಕ್ಕರನ್ನು ತಪ್ಪಿಸಿ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಚುಕ್ಕಿಯೋ ಗೆರೆಯೋ ಗಾಜಿನ ಹೊರಮೈಯಲ್ಲಿ, 5 ಸೆಂಟಿಮೀಟರಿಗೊಂದರಂತೆ ಇಡೀ ಗಾಜಿಗೆ ಇರಬೇಕು. ಕಾಳಿನ ತಟ್ಟೆಯನ್ನು ಕಿಟಕಿಗೆ 1 ಮೀಟರಿಗಿಂತ ಹತ್ತಿರ ಇಟ್ಟರೆ ಅಪಾಯ ಕಡಿಮೆ. ಅಷ್ಟು ಸಮೀಪದಿಂದ ಹಾರಿದರೆ ಜೋರಾಗಿ ಬಡಿಯುವ ವೇಗವೇ ಬರುವುದಿಲ್ಲ. ಇಲ್ಲವೇ ಸಾಕಷ್ಟು ದೂರ ಇಡಿ. ನಡುವಿನ ದೂರವೇ ಕೆಟ್ಟದ್ದು.

ಬೆಕ್ಕಿನ ಲೆಕ್ಕ ಇನ್ನೂ ದೊಡ್ಡದು: ಅಮೆರಿಕದಲ್ಲೇ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳು ಎಂದು 2013ರ ಅಧ್ಯಯನವೊಂದು ಅಂದಾಜು ಮಾಡಿದೆ. ಬೀದಿಬೆಕ್ಕುಗಳೂ ಸೇರಿ ಈ ಲೆಕ್ಕ. ಸಾಕಿದ ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಗೂಡುಪೆಟ್ಟಿಗೆ, ಮರಿ

ಪೆಟ್ಟಿಗೆಯಲ್ಲಿ ಮುಖ್ಯ ಅದರ ತೂತಿನ ಅಳತೆ. ಯೂರೋಪಿನ ಪುಟ್ಟ ಹಕ್ಕಿ ಬ್ಲೂಟಿಟ್‌ಗೆ 25 ಮಿಲಿಮೀಟರ್, ಗುಬ್ಬಚ್ಚಿಗೆ 32. ದೊಡ್ಡದಾದರೆ ದೊಡ್ಡ ಹಕ್ಕಿ ನುಗ್ಗಿ ಆಕ್ರಮಿಸುತ್ತದೆ. ತೂತಿನ ಕೆಳಗೆ ಕೂರಲು ಕಡ್ಡಿ ಬೇಡವೇ ಬೇಡ. ಹಕ್ಕಿಗೆ ಅದರ ಅಗತ್ಯವಿಲ್ಲ, ಶತ್ರುವಿಗೆ ಮೆಟ್ಟಿಲಾಗುತ್ತದೆ. ತಳದಲ್ಲಿ ನೀರು ಇಳಿಯಲು ಸಣ್ಣ ತೂತು, ನೇರ ಬಿಸಿಲು ಬೀಳದ ದಿಕ್ಕು, 2ರಿಂದ 4 ಮೀಟರ್ ಎತ್ತರ. ಮರಿಗಳು ಹಾರಿ, ಕಾಲ ಮುಗಿದ ಮೇಲೆ ಹಳೆಯ ಗೂಡು ತೆಗೆದು ಸ್ವಚ್ಛ ಮಾಡಿ. ಗೂಡು ಕಟ್ಟುವ ಕಾಲದಲ್ಲಿ ಪೊದೆ ಕತ್ತರಿಸಬೇಡಿ. ದಾರ, ಉದ್ದ ಕೂದಲು ಹೊರಗೆ ಬಿಸಾಡಬೇಡಿ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೆಲದ ಮೇಲೆ ಮರಿ ಸಿಕ್ಕಿತು ಅಂತ ಎತ್ತಿಕೊಂಡು ಬರುವ ಮೊದಲು ಗರಿ ನೋಡಿ. ಮೈತುಂಬ ಗರಿ, ಮೊಂಡು ಬಾಲ, ಕುಪ್ಪಳಿಸುತ್ತಿದೆ ಅಂದರೆ ಅದು ಗೂಡು ಬಿಟ್ಟ ಮರಿ. ತಂದೆತಾಯಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತವೆ. ಬೆಕ್ಕು ನಾಯಿ ದೂರವಿಟ್ಟು ಸುಮ್ನೆ ಬಿಟ್ಟುಬಿಡಿ, ತೀರಾ ದಾರಿಯಲ್ಲಿದ್ದರೆ ಪಕ್ಕದ ಪೊದೆಗೆ ಸರಿಸಿ. ಗರಿ ಮೂಡದ ಬೋಳು ಮರಿಯಾದರೆ ಗೂಡು ಹುಡುಕಿ ವಾಪಸ್ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಳ್ಳು. ಬಾಯಿಗೆ ನೀರು ಹನಿಸಬೇಡಿ, ಅದು ಶ್ವಾಸನಾಳಕ್ಕೆ ಇಳಿದರೆ ಮರಿ ಸಾಯುತ್ತದೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ ಇಟ್ಟು ವನ್ಯಜೀವಿ ಚಿಕಿತ್ಸೆ ಗೊತ್ತಿರುವವರಿಗೆ ತಲುಪಿಸಿ.

ಎಣಿಸುವಾಗ

ಬ್ರಿಟನ್ನಿನಲ್ಲಿ ಆರ್‌ಎಸ್‌ಪಿಬಿ ಎಂಬ ಹಕ್ಕಿ ಸಂರಕ್ಷಣೆಯ ಸಂಸ್ಥೆ 1979ರಿಂದ ತೋಟದ ಹಕ್ಕಿಗಳ ಗಣತಿ ನಡೆಸುತ್ತಿದೆ, ಒಬ್ಬೊಬ್ಬರು ಒಂದು ಗಂಟೆ ಕೂತು ಎಣಿಸುತ್ತಾರೆ. ಪ್ರತಿ ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ 1998ರಲ್ಲಿ ಶುರುವಾಗಿ 2013ರಿಂದ ಜಗತ್ತಿಗೆಲ್ಲ ತೆರೆದಿದೆ. ಅದಕ್ಕೆ 15 ನಿಮಿಷ ಸಾಕು. ಬ್ರಿಟನ್ನಿನ ಗಣತಿಯ ಒಂದು ನಿಯಮ ಮನೆಯ ನೋಟ್‌ಬುಕ್ಕಿಗೂ ಒಳ್ಳೆಯದು. ಒಂದೇ ಹಕ್ಕಿ ಹತ್ತು ಸಲ ಬಂದುಹೋದರೆ ಹತ್ತು ಅಂತ ಬರೆಯಬಾರದು. ಒಂದು ಜಾತಿಯ ಎಷ್ಟು ಹಕ್ಕಿಗಳು ಏಕಕಾಲಕ್ಕೆ ಕಂಡವೋ, ಅದರಲ್ಲಿ ಅತಿ ಹೆಚ್ಚಿನ ಸಂಖ್ಯೆಯನ್ನೇ ಬರೆಯಬೇಕು. ದಿನಾಂಕ, ವೇಳೆ, ಹವೆ ಜೊತೆಗಿರಲಿ. ಒಂದೂ ಬಾರದ ದಿನ ಸೊನ್ನೆ ಅಂತ ಬರೆಯಿರಿ, ಪುಟ ಖಾಲಿ ಬಿಡಬೇಡಿ. ಆಮೇಲೆ ನೋಡಿದಾಗ ಹಕ್ಕಿ ಬರಲಿಲ್ಲವೋ ನೀವೇ ನೋಡಲಿಲ್ಲವೋ ಅಂತ ಗೊತ್ತಾಗಬೇಕಲ್ಲ.