ಕೊಡಗಲ್ಲಿ ಕೂತು ಕಡಲಿನ ಪಾಠ: ಪರಿಸರ ವ್ಯವಸ್ಥೆ ಆಧಾರಿತ ನಿರ್ವಹಣೆ ನೋಟ್ಸ್

ಟಾಪಿಕ್ ಹೆಸರು ಉದ್ದ ಇದೆ ಅಂತ ಸ್ಕಿಪ್ ಮಾಡ್ಬೇಡಿ, ವಿಷಯ ಸಿಂಪಲ್. ಮೀನುಗಾರಿಕೆಗೆ ಒಂದು ಇಲಾಖೆ, ಬಂದರಿಗೆ ಇನ್ನೊಂದು, ಟೂರಿಸಂಗೆ ಮತ್ತೊಂದು, ಒಬ್ರು ಮಾಡೋದು ಇನ್ನೊಬ್ರಿಗೆ ಗೊತ್ತಿರಲ್ಲ, ಆದ್ರೆ ಪೆಟ್ಟೆಲ್ಲಾ ಬೀಳೋದು ಅದೇ ಅಳಿವೆ (ಹೊಳೆ ಕಡಲು ಸೇರೋ ಜಾಗ) ಮೇಲೆ. ಈ ಪೆಟ್ಟುಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕ್ಬೇಕು, ಅಲ್ಲಿ ಬದುಕೋ ಜನರನ್ನೂ ಸೇರಿಸ್ಕೊಂಡೇ ಪ್ಲಾನ್ ಮಾಡ್ಬೇಕು ಅನ್ನೋದು ಇದರ ತಿರುಳು. 2000ದಲ್ಲಿ ನೈರೋಬಿಯಲ್ಲಿ ಜೀವವೈವಿಧ್ಯ ಒಪ್ಪಂದದ ದೇಶಗಳು ಇದಕ್ಕೆ 12 ತತ್ವ ಒಪ್ಕೊಂಡ್ವು. ಹನ್ನೆರಡನ್ನೂ ಉರು ಹೊಡೆಯೋಕಿಂತ ಮೊದಲು ಗಡಿ ವಿಚಾರ, ಅಂದ್ರೆ ಪ್ಲಾನ್ ಎಲ್ಲಿವರೆಗೆ ಹೋಗ್ಬೇಕು ಅನ್ನೋದು, ಅರ್ಥ ಮಾಡ್ಕೊಳ್ಳಿ.

ನಮ್ಮ ಜಿಲ್ಲೆಗೆ ಒಂದಡಿ ಕಡಲತೀರನೂ ಇಲ್ಲ, ಆದ್ರೆ ಇಲ್ಲಿ ಬಿದ್ದ ಮಳೆ ಎರಡು ಕಡೆ ಕಡಲು ಸೇರುತ್ತೆ. ಕಾವೇರಿ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿಗೆ, ಸಂಪಾಜೆ ಕಡೆ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಲ್ಲಿ ಚಂದ್ರಗಿರಿ ಅನ್ನಿಸ್ಕೊಂಡು ಅರಬ್ಬಿ ಸಮುದ್ರಕ್ಕೆ, ಬರಪೊಳೆನೂ ಕೇರಳಕ್ಕಿಳಿದು ವಳಪಟ್ಟಣಂ ಹೊಳೆ ಮೂಲಕ ಅಲ್ಲಿಗೇ. ಅಳಿವೆಯನ್ನ ಕಾಪಾಡ್ಬೇಕು ಅಂದ್ರೆ ಗಡಿ ಇಲ್ಲಿವರೆಗೂ ಬರುತ್ತೆ.

ಅರೇಬಿಕಾ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯೋ) ಟೈಮಲ್ಲಿ ತೋಡಿನ ಪಕ್ಕ ನಿಂತು ನೋಡಿ, ಪಲ್ಪರ್ ನೀರು ಬಿಟ್ಟಿದ್ರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತೆ. ಅದರಲ್ಲಿರೋ ಸಕ್ಕರೆ ಅಂಶನ ಕೊಳೆಸೋಕೆ ಬ್ಯಾಕ್ಟೀರಿಯಾ ನೀರಿನ ಆಕ್ಸಿಜನ್ ಎಲ್ಲ ಎಳ್ಕೊಳುತ್ತೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ. ಈ ನೀರೇ ಕಡಲು ಕೆಡಿಸುತ್ತೆ ಅಂತ ಆನ್ಸರಲ್ಲಿ ಬರೀಬೇಡಿ ಮತ್ತೆ, ಅದು ಬೇರೆ ಮಾತು. ಕಡಲಲ್ಲಿ ಹೀಗೇ ಉಸಿರು ಕಟ್ಟಿಸೋದು ಗೊಬ್ಬರದ ನೈಟ್ರೋಜನ್, ಫಾಸ್ಫರಸ್: ಪಾಚಿ ಬೆಳೆಯುತ್ತೆ, ಸಾಯುತ್ತೆ, ಕೊಳೆಯುವಾಗ ಆಕ್ಸಿಜನ್ ಖಾಲಿ. ಮೆಕ್ಸಿಕೋ ಕೊಲ್ಲಿಯಲ್ಲಿ ಮಿಸಿಸಿಪ್ಪಿ ನದಿ ಸೇರೋ ಕಡೆ ಪ್ರತಿ ಬೇಸಿಗೆ ಡೆಡ್ ಝೋನ್ ಆಗೋದು ಇದರಿಂದನೇ, ಆ ಗೊಬ್ಬರ ಹಾಕಿದ ಮೆಕ್ಕೆಜೋಳದ ಹೊಲಗಳಿರೋದು ಸಾವಿರ ಕಿಲೋಮೀಟರ್ ಆಚೆ. ಉಲ್ಟಾ ಕೇಸೂ ಇದೆ, ಕೆಆರ್‌ಎಸ್, ಮೆಟ್ಟೂರು ಥರದ ಡ್ಯಾಮ್‌ಗಳು ಹೂಳು ತಡೆದಷ್ಟೂ ಕಾವೇರಿ ಡೆಲ್ಟಾಗೆ ಹೊಸ ಮಣ್ಣು ಕಮ್ಮಿ.

ಹಾಗಾದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಸಾಲಲ್ವಾ? ಸಾಲಲ್ಲ ಅಂತಲೇ ನನ್ನ ಅಭಿಪ್ರಾಯ. 1991ರಲ್ಲಿ ಬಂತು, 2011, 2019ರಲ್ಲಿ ಹೊಸ ಅಧಿಸೂಚನೆ ಆಯ್ತು, ಆದ್ರೆ ಭೂಮಿ ಕಡೆ ಲೆಕ್ಕ ಭರತ ರೇಖೆಯಿಂದ (ಭರತದ ನೀರು ಮುಟ್ಟೋ ಗೆರೆಯಿಂದ) 500 ಮೀಟರ್ ಅಷ್ಟೇ. ನದಿಯಲ್ಲಿ ಎಲ್ಲಿವರೆಗೆ ಅಂದ್ರೆ ಕಡುಬೇಸಿಗೆಯಲ್ಲಿ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರೋವರೆಗೆ ಅಷ್ಟೇ. ಘಟ್ಟದ ಮೇಲಿನ ತೋಡು ಇದರೊಳಗೆ ಬರೋ ಚಾನ್ಸೇ ಇಲ್ಲ.

ಉದಾಹರಣೆ ಕೇಳಿದ್ರೆ ಅಂಟಾರ್ಕ್ಟಿಕಾದ ಕ್ರಿಲ್ (ಸಿಗಡಿ ಥರದ ಪುಟ್ಟ ಜೀವಿ) ಬರೀರಿ, ಅದು ಬೆಸ್ಟ್. 1982ರಲ್ಲಿ ಜಾರಿಯಾದ ಅಲ್ಲಿನ ಒಪ್ಪಂದ, ಎಷ್ಟು ಹಿಡಿದ್ರೆ ಕ್ರಿಲ್ ಉಳಿಯುತ್ತೆ ಅನ್ನೋದಷ್ಟನ್ನೇ ನೋಡಲ್ಲ, ಪೆಂಗ್ವಿನ್, ಸೀಲ್, ತಿಮಿಂಗಿಲಕ್ಕೆ ಎಷ್ಟು ಬಿಡ್ಬೇಕು ಅಂತನೂ ಕೇಳುತ್ತೆ. ನಮ್ಮ ಮಾರ್ಕೆಟ್ಟಿಗೆ ಬರೋ ಮತ್ತಿ (ಬೂತಾಯಿ) ಮೀನಿಗೂ ಇದೇ ಲೆಕ್ಕ ಹಾಕಿ, ಅದನ್ನ ನಾವೊಬ್ರೇ ತಿನ್ನಲ್ಲ, ಅಂಜಲ್ ಮೀನೂ ತಿನ್ನುತ್ತೆ.

ಕೊನೆಗೆ ಮೀನುಗಾರಿಕೆ ರಜೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರೀಕೃತ ಬೋಟ್ ಇಳಿಯಂಗಿಲ್ಲ. ಇದನ್ನ ಅರ್ಧ ಉದಾಹರಣೆ ಅಂತಲೇ ಬರೀರಿ, ಯಾಕಂದ್ರೆ ಅದು ಬೋಟನ್ನ ನಿಲ್ಸುತ್ತೆ, ಅದೇ ಎರಡು ತಿಂಗಳಲ್ಲಿ ಘಟ್ಟದಿಂದ ಹೊಳೆಗಳು ಹೊತ್ಕೊಂಡು ಬರೋ ಮಣ್ಣು ಗೊಬ್ಬರಕ್ಕೆ ಆ ಆದೇಶದಲ್ಲಿ ಜಾಗ ಇಲ್ಲ.