ಒಂದು ಲಕ್ಷದ ಬಾಂಡ್ ಎಂದರೆ ಒಂದು ಲಕ್ಷ ಕಟ್ಟಬೇಕೇ?

ಪ್ರಶ್ನೆ: ನನ್ನ ಅಕ್ಕನ ಮಗನನ್ನು ಪೊಲೀಸರು ಒಂದು ಪ್ರಕರಣದಲ್ಲಿ ಬಂಧಿಸಿದ್ದರು. 1 ಲಕ್ಷ ರೂಪಾಯಿಯ ವೈಯಕ್ತಿಕ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರರನ್ನು ಒದಗಿಸಬೇಕೆಂಬ ಷರತ್ತಿನ ಮೇಲೆ ನ್ಯಾಯಾಲಯ ಈಗ ಜಾಮೀನು ಮಂಜೂರು ಮಾಡಿದೆ. ಈ ಹಣವನ್ನು ನಾವು ಕಟ್ಟಬೇಕೇ? ಆದೇಶವಾದ ಮೇಲೂ ಅವನನ್ನು ಏಕೆ ಬಿಟ್ಟಿಲ್ಲ? ನಾನೇ ಜಾಮೀನು ನಿಂತರೆ ನನ್ನ ಮೇಲೆ ಬೀಳುವ ಹೊಣೆ ಏನು?

ಉತ್ತರ: ಹಣ ಕಟ್ಟಬೇಕಾಗಿಲ್ಲ. ಆದೇಶದಲ್ಲಿರುವ 1 ಲಕ್ಷ ರೂಪಾಯಿ ಶುಲ್ಕವೂ ಅಲ್ಲ, ಠೇವಣಿಯೂ ಅಲ್ಲ; ಆರೋಪಿಯು ಹೇಳಿದ ದಿನ ನ್ಯಾಯಾಲಯಕ್ಕೆ ಬಾರದೆ ಬಾಂಡಿನ ಮಾತು ತಪ್ಪಿದರೆ ಮಾತ್ರ ಸರ್ಕಾರಕ್ಕೆ ಕೊಡಬೇಕಾಗಿ ಬರುವ ಮೊತ್ತ ಅದು. ಅವನು ಪ್ರತಿ ವಾಯಿದೆಗೂ ತಪ್ಪದೆ ಹಾಜರಾದರೆ ಪ್ರಕರಣ ಎಷ್ಟು ವರ್ಷ ನಡೆದರೂ ಆ ಬಾಂಡಿನ ಲೆಕ್ಕದಲ್ಲಿ ಯಾರೂ ಒಂದು ರೂಪಾಯಿಯನ್ನೂ ಕೊಡಬೇಕಾಗುವುದಿಲ್ಲ.

ಬಂಧನ, ಜಾಮೀನು, ವಿಚಾರಣೆಗಳ ವಿಧಾನವನ್ನು ಹೇಳುವ ಕಾನೂನಾದ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 485ನೇ ಕಲಂ ಈ ಬಾಂಡಿನ ಸ್ವರೂಪವನ್ನು ಹೇಳುತ್ತದೆ. ನಿಮ್ಮ ಪ್ರಕರಣದಲ್ಲಿ ಭರವಸೆ ಕೊಡುವವರು ಇಬ್ಬರು. ಹಾಜರಾಗುತ್ತೇನೆ, ತಪ್ಪಿದರೆ ಇಷ್ಟು ಹಣಕ್ಕೆ ಬದ್ಧನಾಗಿದ್ದೇನೆ ಎಂದು ಆರೋಪಿ ತನ್ನ ಪರವಾಗಿ ಬರೆದುಕೊಡುತ್ತಾನೆ. ಅವನು ಹಾಜರಾಗುವಂತೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ನಾನೂ ಅಷ್ಟು ಹಣಕ್ಕೆ ಬದ್ಧ ಎಂದು ಜಾಮೀನುದಾರರು ಬರೆದುಕೊಡುತ್ತಾರೆ. ಬಾಂಡಿನ ಮೊತ್ತವನ್ನು ಪ್ರಕರಣದ ಸಂದರ್ಭಗಳನ್ನು ನೋಡಿಯೇ ನಿಗದಿಪಡಿಸಬೇಕು, ಅದು ಮಿತಿಮೀರಿರಬಾರದು ಎಂದು 484ನೇ ಕಲಂ ಹೇಳುವುದರಿಂದ, ಮೊತ್ತ ಭಾರವೆನಿಸಿದರೆ ಅದನ್ನು ಇಳಿಸುವಂತೆ ಉಚ್ಚ ನ್ಯಾಯಾಲಯವನ್ನು ಅಥವಾ ಸೆಷನ್ಸ್ ನ್ಯಾಯಾಲಯವನ್ನು ಕೇಳುವುದಕ್ಕೂ ಅವಕಾಶವಿದೆ.

ಇನ್ನು ಬಿಡುಗಡೆ ಏಕಾಗಿಲ್ಲ ಎಂಬ ಮಾತು. ಜಾಮೀನು ಮಂಜೂರಾಗುವುದು ಬೇರೆ, ಜೈಲಿನ ಬಾಗಿಲು ತೆರೆಯುವುದು ಬೇರೆ. ನಡುವೆ ಜಾಮೀನುದಾರರ ಪರಿಶೀಲನೆ ಎಂಬ ಹಂತವೊಂದಿದೆ. ಹೆಚ್ಚಿನ ಕುಟುಂಬಗಳು ಸುಸ್ತಾಗುವುದು ಇಲ್ಲಿಯೇ. ಜಾಮೀನುದಾರರು ತಮ್ಮ ಗುರುತಿನ ಚೀಟಿ, ಭಾವಚಿತ್ರ, ಜಮೀನಿದ್ದರೆ ಪಹಣಿ, ಮನೆಯಿದ್ದರೆ ಕಂದಾಯ ಕಟ್ಟಿದ ರಸೀದಿ, ನೌಕರಿಯಲ್ಲಿದ್ದರೆ ಸಂಬಳದ ಪ್ರಮಾಣಪತ್ರ ಇವುಗಳೊಂದಿಗೆ ಅಫಿಡವಿಟ್ ಸಲ್ಲಿಸುತ್ತಾರೆ. ನ್ಯಾಯಾಧೀಶರು ಅವರನ್ನು ಮುಂದೆ ಕರೆದು, ಆರೋಪಿ ನಿಮಗೆ ಏನಾಗಬೇಕು, ಎಷ್ಟು ಕಾಲದಿಂದ ಪರಿಚಯ, ಆಸ್ತಿ ಯಾರ ಹೆಸರಿನಲ್ಲಿದೆ, ಅವನು ಬಾರದಿದ್ದರೆ ಹಣ ಕಟ್ಟಬೇಕಾಗುತ್ತದೆಂಬುದು ಗೊತ್ತಿದೆಯೇ ಎಂದು ಕೇಳುವುದುಂಟು. ಈ ಆರೋಪಿಯೂ ಸೇರಿದಂತೆ ಇದುವರೆಗೆ ಎಷ್ಟು ಮಂದಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನು ಪೂರ್ಣ ವಿವರಗಳೊಂದಿಗೆ ಘೋಷಿಸುವುದು 486ನೇ ಕಲಂ ಪ್ರಕಾರ ಕಡ್ಡಾಯ. ಆದ್ದರಿಂದ ಯಾರದೋ ಪಹಣಿ ಹಿಡಿದು ನ್ಯಾಯಾಲಯದ ಆವರಣದಲ್ಲಿ ಹಣಕ್ಕಾಗಿ ಜಾಮೀನು ನಿಲ್ಲಲು ಸಿದ್ಧರಿರುವವರ ಸಹವಾಸಕ್ಕೆ ಹೋಗಲೇಬೇಡಿ. ಸುಳ್ಳು ದಾಖಲೆ ಬಯಲಾದರೆ ಅವರ ಮೇಲೂ, ಗೊತ್ತಿದ್ದೂ ಅವರನ್ನು ಕರೆತಂದವರ ಮೇಲೂ ಹೊಸ ಪ್ರಕರಣ ದಾಖಲಾಗಬಹುದು. ಸಿಕ್ಕ ಜಾಮೀನಿಗೂ ಕುತ್ತು ಬರಬಹುದು. ಶುಲ್ಕ ಪಡೆದು ಬಾಂಡ್ ಬರೆದುಕೊಡುವ ಕಂಪನಿಗಳನ್ನು ಅಮೆರಿಕದ ಚಲನಚಿತ್ರಗಳಲ್ಲಿ ನೋಡಿರುತ್ತೀರಿ. ಅಲ್ಲಿನ ಹಲವು ರಾಜ್ಯಗಳಲ್ಲಿ ಅದು ಕಾನೂನುಬದ್ಧ ವ್ಯವಹಾರವಾದರೂ ನಮ್ಮಲ್ಲಿ ಅಂತಹ ವ್ಯವಸ್ಥೆ ಇಲ್ಲ.

ದಾಖಲೆಗಳು ತೃಪ್ತಿಕರವೆನಿಸಿ ಬಾಂಡ್ ಸ್ವೀಕೃತವಾದ ಮೇಲೆ ನ್ಯಾಯಾಲಯವು ಬಿಡುಗಡೆ ಆದೇಶವನ್ನು ಕಾರಾಗೃಹಕ್ಕೆ ಕಳುಹಿಸುತ್ತದೆ. ಅದು ಸಂಜೆ ತಡವಾಗಿ ತಲುಪಿದರೆ ಬಿಡುಗಡೆ ಮರುದಿನಕ್ಕೆ ಹೋಗುವುದು ಸಾಮಾನ್ಯ. ಬೇರೊಂದು ಪ್ರಕರಣದಲ್ಲಿಯೂ ಅವನು ಬೇಕಾಗಿದ್ದರೆ ಈ ಆದೇಶವೊಂದರಿಂದಲೇ ಹೊರಗೆ ಬರಲಾಗುವುದಿಲ್ಲ.

ಆಸ್ತಿಯಿರುವ ಪರಿಚಿತರೇ ಇಲ್ಲದ ಬಡವರ ಪಾಡೇನು ಎಂಬ ಪ್ರಶ್ನೆ ಹಳೆಯದು. 1978ರ ಮೋತಿರಾಮ್ ಪ್ರಕರಣದಲ್ಲಿ ಗಾರೆ ಕೆಲಸದವನೊಬ್ಬನಿಗೆ ಸರ್ವೋಚ್ಚ ನ್ಯಾಯಾಲಯವೇ ಜಾಮೀನು ಕೊಟ್ಟಿದ್ದರೂ, ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರರನ್ನು ಕೇಳಿದ್ದಲ್ಲದೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಅವನ ಸ್ವಂತ ಸಹೋದರನನ್ನೇ ತಿರಸ್ಕರಿಸಿದ್ದರು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆಯೇ ಅವನನ್ನು ಬಿಡುವಂತೆ ಆದೇಶಿಸಿದರು. ಇಷ್ಟಾದರೂ ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟ ಪೂರ್ತಿ ಹೋಗಿಲ್ಲವೆಂಬುದಕ್ಕೆ, 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯ ಅದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂದದ್ದೇ ಸಾಕ್ಷಿ. ಆ ನಿರ್ದೇಶನಗಳ ಪ್ರಕಾರ ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ಕಳುಹಿಸಬೇಕು. 7 ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು, ಉಚಿತ ಕಾನೂನು ನೆರವು ನೀಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಒದಗಿಸಲಾಗದಿದ್ದರೆ ಷರತ್ತುಗಳನ್ನು ಸಡಿಲಿಸಬೇಕೇ ಎಂಬುದನ್ನು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು. ನಿಮ್ಮ ಅಕ್ಕನ ಮಗನ ಆದೇಶವಾಗಿ ಒಂದು ವಾರ ಕಳೆದಿದ್ದರೆ ಈ ಪ್ರಾಧಿಕಾರದ ಕಚೇರಿಗೆ ಹೋಗಲು ಹಿಂಜರಿಯಬೇಡಿ.

ಜಾಮೀನು ಹಕ್ಕಾಗಿಯೇ ಸಿಗುವ (ಬೇಲಬಲ್) ಅಪರಾಧಗಳಲ್ಲಂತೂ ಕಾನೂನು ಇನ್ನೂ ಉದಾರವಾಗಿದೆ. ಅಲ್ಲಿ ಠಾಣಾಧಿಕಾರಿಯೇ ಬಾಂಡ್ ಪಡೆದು ಬಿಡಬಹುದು. ಬಂಧನವಾದ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ, ಜಾಮೀನುದಾರರಿಲ್ಲದೆ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು 478ನೇ ಕಲಂ ಹೇಳುತ್ತದೆ. ಜಾಮೀನುದಾರರು ಸಿಗದೆ ಕೈಯಲ್ಲಿ ಹಣ ಮಾತ್ರ ಇದ್ದರೆ, ಬಾಂಡಿನ ಬದಲು ನಗದು ಠೇವಣಿ ಇಡಲು ಅನುಮತಿ ಕೋರಿ 490ನೇ ಕಲಂ ಅಡಿಯಲ್ಲಿ ಅರ್ಜಿ ಹಾಕಬಹುದು. ಒಪ್ಪುವುದು ಬಿಡುವುದು ನ್ಯಾಯಾಲಯದ ವಿವೇಚನೆ.

ಈಗ ನಿಮ್ಮ ಹೊಣೆಯ ವಿಷಯಕ್ಕೆ ಬರೋಣ. ಜಾಮೀನು ನಿಂತವರು ಆರೋಪಿಯ ಅಪರಾಧಕ್ಕೆ ಹೊಣೆಗಾರರಲ್ಲ. ಅವನಿಗೆ ಶಿಕ್ಷೆಯಾದರೂ ಅದರ ಭಾಗ ನಿಮಗೆ ತಟ್ಟುವುದಿಲ್ಲ. ನಿಮ್ಮ ಹೊಣೆ ಅವನ ಹಾಜರಾತಿಗೆ ಸಂಬಂಧಿಸಿದ್ದು. ಅವನು ಗೈರುಹಾಜರಾದರೆ ನ್ಯಾಯಾಲಯ ವಾರಂಟ್ ಹೊರಡಿಸಿ, ಬಾಂಡನ್ನು ಮುಟ್ಟುಗೋಲು ಹಾಕಿಕೊಂಡು, 491ನೇ ಕಲಂ ಪ್ರಕಾರ ಹಣ ಕಟ್ಟಿ ಇಲ್ಲವೇ ಏಕೆ ಕಟ್ಟಬಾರದೆಂದು ಕಾರಣ ಹೇಳಿ ಎಂದು ನಿಮಗೆ ನೋಟಿಸ್ ಕಳುಹಿಸುತ್ತದೆ. ಈ ನೋಟಿಸನ್ನು ಪಕ್ಕಕ್ಕಿಟ್ಟು ಸುಮ್ಮನಿರುವುದು ನೀವು ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ. ಅವನು ಆಸ್ಪತ್ರೆಯಲ್ಲಿದ್ದ ಎಂಬಂತಹ ಕಾರಣವಿದ್ದರೆ ದಾಖಲೆ ಸಮೇತ ತಿಳಿಸಿ, ಅವನನ್ನು ಹುಡುಕಿ ಕರೆತಂದಿದ್ದರೆ ಅದನ್ನೂ ಹೇಳಿ. ಕಾರಣಗಳನ್ನು ದಾಖಲಿಸಿ ಮೊತ್ತದಲ್ಲಿ ಒಂದು ಭಾಗವನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಉತ್ತರವೂ ಇಲ್ಲ, ಹಣವೂ ಇಲ್ಲ ಎಂದಾದರೆ ದಂಡ ವಸೂಲಿಯ ಮಾದರಿಯಲ್ಲಿಯೇ ಅದನ್ನು ವಸೂಲು ಮಾಡಲಾಗುತ್ತದೆ. ವಸೂಲಾಗದಿದ್ದರೆ ಜಾಮೀನುದಾರರನ್ನು 6 ತಿಂಗಳವರೆಗೆ ಸಿವಿಲ್ ಬಂಧನದಲ್ಲಿಡಲೂ ಆದೇಶಿಸಬಹುದು. ಸಕಾರಣವಿಲ್ಲದೆ ತಪ್ಪಿಸಿಕೊಂಡ ಆರೋಪಿಗೆ ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ ಅಡಿಯಲ್ಲಿ 1 ವರ್ಷದವರೆಗಿನ ಪ್ರತ್ಯೇಕ ಶಿಕ್ಷೆ ಇದೆ.

ಇದನ್ನು ಓದಿ ಹೆದರಬೇಕಾಗಿಲ್ಲ, ಆದರೆ ಹುಡುಗನ ಸ್ವಭಾವವನ್ನು ಬಲ್ಲವರು ನೀವೇ ಆದ್ದರಿಂದ ಯೋಚಿಸಿ ಸಹಿ ಮಾಡಿ. ಒಮ್ಮೆ ಸಹಿ ಮಾಡಿದರೆ ಕೊನೆಯವರೆಗೂ ಕಟ್ಟುಬಿದ್ದಂತೆಯೇ ಎಂದೇನೂ ಇಲ್ಲ. ಅವನು ಮಾತು ಕೇಳುತ್ತಿಲ್ಲ, ಊರು ಬಿಡುವ ಲಕ್ಷಣವಿದೆ ಎನಿಸಿದರೆ 489ನೇ ಕಲಂ ಅಡಿಯಲ್ಲಿ ಯಾವಾಗ ಬೇಕಾದರೂ ಜಾಮೀನಿನ ಹೊಣೆಯಿಂದ ನಿಮ್ಮ ಬಿಡುಗಡೆ ಕೋರಿ ಅರ್ಜಿ ಹಾಕಬಹುದು. ಆಗ ಮ್ಯಾಜಿಸ್ಟ್ರೇಟರು ಅವನಿಗೆ ವಾರಂಟ್ ಹೊರಡಿಸಿ, ಅವನು ಹಾಜರಾದ ಮೇಲೆ ನಿಮ್ಮ ಬಾಂಡನ್ನು ರದ್ದುಪಡಿಸುತ್ತಾರೆ. ಬೇರೆ ಜಾಮೀನುದಾರರನ್ನು ತರಲಾಗದಿದ್ದರೆ ಅವನು ಮತ್ತೆ ಜೈಲಿಗೆ ಹೋಗಬೇಕಾಗಬಹುದು.

ಕೊನೆಯದಾಗಿ, ಖುಲಾಸೆಯಾದ ದಿನವೇ ಎಲ್ಲವೂ ಮುಗಿಯುವುದಿಲ್ಲ. ಮೇಲ್ಮನವಿಯಾದರೆ ಮೇಲಿನ ನ್ಯಾಯಾಲಯದ ಮುಂದೆ ಹಾಜರಾಗಲು, ವಿಚಾರಣೆ ಮುಗಿಯುವ ಮುನ್ನ 481ನೇ ಕಲಂ ಅಡಿಯಲ್ಲಿ ಮತ್ತೊಂದು ಬಾಂಡ್ ಪಡೆಯಲಾಗುತ್ತದೆ. ಅದು 6 ತಿಂಗಳು ಜಾರಿಯಲ್ಲಿರುತ್ತದೆ. ಮೂಲ ದಾಖಲೆಗಳನ್ನೇನಾದರೂ ನ್ಯಾಯಾಲಯಕ್ಕೆ ಒಪ್ಪಿಸಿದ್ದರೆ, ಅವುಗಳನ್ನು ಹಿಂದಿರುಗಿಸುವಂತೆ ಕೋರುವ ಅರ್ಜಿಯನ್ನು ಆ ಅವಧಿ ಮುಗಿದ ಮೇಲೆ ವಕೀಲರ ಮೂಲಕ ಸಲ್ಲಿಸಿ.